ಸಿದ್ಧರಿಲ್ಲದವರು ಗಂಡಸರಷ್ಟೇ ಅಲ್ಲ

ಹೊಳಲಿನ ನಮ್ಮ ಮನೆಗೆ ಸಮೀಪದ ಆಲೆಮನೆಯ ಮುಂದೆ ಈಚೆಗೆ ಕುಳಿತಿದ್ದಾಗ, ಹೆಂಡತಿಗೆ 'ಆಪರೇಷನ್' ಮಾಡಿಸಲು ಮರುದಿನ ಮಂಡ್ಯಕ್ಕೆ ಹೊರಟಿದ್ದ ಯುವ ರೈತನೊಬ್ಬ ಸಿಕ್ಕಿದ. 'ನೀನೇ ಯಾಕಪ್ಪ ಮಾಡಿಸ್ಕೋಬಾರ್ದು?' ಎಂದೆ. ಶಕ್ತಿ ಕುಂದುತ್ತದೆ ಎಂಬ ಮಾಮೂಲಿ ಉತ್ತರವನ್ನು ನಿರೀಕ್ಷಿಸಿದ್ದೆ. 'ಗಂಡಸ್ರುಗೂ ಮಾಡ್ತಾರೆ ಅಂತ ನಮ್ಗ್ಯಾರೂ ಹೇಳ್ಲೇ ಇಲ್ವಲ್ಲ ಸಾ' ಎಂದ.

ವಿಶ್ವದಲ್ಲೇ ಮೊದಲೆಂಬಂತೆ 1930ರಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿದ್ದು ಮೈಸೂರು ಸಂಸ್ಥಾನ. ಅದೇ ನೆಲದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪುರುಷರ ಪಾಲು ಶೂನ್ಯದ ಆಸುಪಾಸು. ಗಂಡಸಿನದು ಹೊಲಿಗೆಯೂ ಬೇಡದ, ಅರ್ಧ ಗಂಟೆಯೊಳಗೆ ಮುಗಿಯುವ ಸರಳ ವಿಧಾನ. ಅಂದೇ ಮನೆಗೆ ಮರಳಬಹುದು. ಮೂರು ತಿಂಗಳ ಬಳಿಕ ವೀರ್ಯ ಪರೀಕ್ಷೆಯಾಗುವವರೆಗೆ ಕಾಂಡೋಮ್ ಬಳಸಬೇಕಷ್ಟೆ. ಹೊಟ್ಟೆಯೊಳಗೆ ಉಪಕರಣ ತೂರಿಸುವ ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಇದರಲ್ಲಿ ಅಪಾಯ ಕಡಿಮೆಯೆಂಬುದು ವೈದ್ಯರೆಲ್ಲರೂ ಒಪ್ಪುವ ಮಾತು.

ಪುರುಷರ ಅಳುಕಿಗೆ ಇತಿಹಾಸವಿದೆ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಅನೇಕರಿಗೆ ಅದು ಬಲವಂತದ್ದು. ಎಂಬತ್ತರ ದಶಕದ ಕೊನೆಯಲ್ಲಿ ತಹಶೀಲ್ದಾರನಾಗಿದ್ದ ನನಗೂ 'ಗುರಿ' ನಿಗದಿಯಾಗುತ್ತಿತ್ತು. ಗ್ರಾಮಲೆಕ್ಕಿಗರ ಮೇಲೆ ನಾನು ಒತ್ತಡ ಹೇರಿದ್ದೂ ಉಂಟು, ಅವರು ಕರೆತಂದವರ ಮುಖ ನೋಡದೆ ಸಹಿ ಹಾಕಿದ್ದೂ ಉಂಟು. 1996ರಲ್ಲಿ ಗುರಿ ಪದ್ಧತಿ ರದ್ದಾಯಿತು. ಆದರೆ ಒತ್ತಾಯದ ಜಾಗಕ್ಕೆ ಮನವೊಲಿಕೆ ಬರಲಿಲ್ಲ, ಮೌನ ಬಂದಿತು.

ಈ ಮೌನಕ್ಕೆ ಗ್ರಾಮೀಣ ಗಂಡಸನ್ನಷ್ಟೇ ದೂರುವುದು ಅನ್ಯಾಯ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಹೆಂಗಸು. ಪರಗಂಡಸಿನೊಡನೆ ಈ ವಿಷಯವನ್ನು ಆಕೆ ಹೇಗೆ ಎತ್ತಬೇಕು? ಎತ್ತಬೇಕಾದ ಪುರುಷ ಆರೋಗ್ಯ ಸಹಾಯಕ ಲಾರ್ವಾ ಸಮೀಕ್ಷೆ, ನೀರಿನ ಮಾದರಿಗಳ ನಡುವೆ ಮುಳುಗಿರುತ್ತಾನೆ. (ಆತ ತಾನೇ ಮಾಡಿಸಿಕೊಂಡಿದ್ದಾನೆಯೇ ಎಂದು ಊರು ಕೇಳದೆ ಬಿಡದು.) ಎಂಬಿಬಿಎಸ್ ವೈದ್ಯರು ತರಬೇತಿ ಪಡೆದು ಈ ಶಸ್ತ್ರಚಿಕಿತ್ಸೆ ಮಾಡಬಹುದು. ಆದರೆ ಕೇಳಿ ಬರುವವರಿಲ್ಲದೆ ಅವರ ಕೈ ಪಳಗುವುದಿಲ್ಲ. ಪಳಗಿದ ಕೈ ಹತ್ತಿರದಲ್ಲಿಲ್ಲದ್ದರಿಂದ ಕೇಳಿ ಬರುವವರೂ ಇಲ್ಲ.

ಎಚ್‌ಐವಿ ತಡೆಗಾಗಿ ಪುರುಷರ ಸ್ವಯಂಪ್ರೇರಿತ ಸುನ್ನತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿದ ನಂತರ, ಕೆನ್ಯಾ ವೈದ್ಯರಿಗಾಗಿ ಕಾಯುತ್ತ ಕೂರಲಿಲ್ಲ. ದಾದಿಯರಿಗೂ ತರಬೇತಿ ಕೊಟ್ಟು ಹಳ್ಳಿಗಳಿಗೆ ಕಳುಹಿಸಿತು. ನಮ್ಮಲ್ಲಿ ಶಸ್ತ್ರಚಿಕಿತ್ಸೆಯನ್ನು ವೈದ್ಯರೇ ಮಾಡಲಿ; ಆಪ್ತಸಮಾಲೋಚನೆಗಾದರೂ ಪುರುಷ ಸಿಬ್ಬಂದಿಯನ್ನು ಅಣಿಗೊಳಿಸಲು ಅಡ್ಡಿಯೇನು? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷವಿಡೀ ವಾರಕ್ಕೊಂದು ದಿನ ತರಬೇತಿ ಪಡೆದ ವೈದ್ಯರು ಲಭ್ಯರೆಂಬ ಖಾತರಿಯೂ ಬೇಕು. ಈಗ ಪ್ರತಿವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಪಾಕ್ಷಿಕವೊಂದನ್ನು ಆಚರಿಸಲಾಗುತ್ತದೆ. ನಮ್ಮ ಮಂಡ್ಯದಲ್ಲಿ ಅದು ಭತ್ತದ ಕೊಯ್ಲಿನ ಹೊತ್ತು. ಎರಡು ದಿನ ವಿಶ್ರಾಂತಿ ಪಡೆಯಿರೆಂದರೆ ಆಗ ಯಾವ ರೈತ ಒಪ್ಪಿಯಾನು?