ನ್ಯಾಯಾಲಯದ ಕರೆಗೆ ಮುಖ ಮರೆಸುವ ಗಂಡಂದಿರು

ಸಮನ್ಸ್ ಹಿಡಿದ ಪೊಲೀಸ್ ಪೇದೆ ಬಾಗಿಲಲ್ಲಿ ನಿಂತಿದ್ದಾನೆ. ಒಳಗಿನಿಂದ ಉತ್ತರ ಬರುತ್ತದೆ: "ಅವನು ಊರಲ್ಲಿಲ್ಲ, ಎಲ್ಲಿದ್ದಾನೋ ನಮಗೆ ಗೊತ್ತಿಲ್ಲ." ಹಾಗೆ ಹೇಳಿದವರು ಅಂದು ಬೆಳಿಗ್ಗೆಯಷ್ಟೇ ಅವನೊಂದಿಗೆ ಫೋನಿನಲ್ಲಿ ಮಾತಾಡಿರುತ್ತಾರೆ. ಕೆಲವೊಮ್ಮೆ ಅವನು ಒಳಕೋಣೆಯಲ್ಲೇ ಇರುತ್ತಾನೆ. 'ವಿಳಾಸದಲ್ಲಿಲ್ಲ' ಎಂಬ ಷರಾದೊಂದಿಗೆ ಸಮನ್ಸ್ ಮರಳುತ್ತದೆ. ಅತ್ತ ನ್ಯಾಯಾಲಯದಲ್ಲಿ, ಮಗುವನ್ನೆತ್ತಿಕೊಂಡು ಬಸ್ಸು ಹಿಡಿದು ಬಂದ ಹೆಣ್ಣುಮಗಳಿಗೆ ಮತ್ತೊಂದು ವಾಯಿದೆ ಸಿಗುತ್ತದೆ. ಇದನ್ನು ನಮ್ಮಲ್ಲಿ ಕೆಲವರು ಜಾಣತನವೆಂದು ಹೇಳಿಕೊಳ್ಳುತ್ತಾರೆ. ಇದು ಜಾಣತನವಲ್ಲ, ಸ್ಪಷ್ಟವಾದ ಝುಲ್ಮ್. ಇದರಲ್ಲಿ ಗಂಡನೊಬ್ಬನೇ ಪಾಲುದಾರನೂ ಅಲ್ಲ.

ಈ ತಪ್ಪಿಸಿಕೊಳ್ಳುವಿಕೆಯ ಪರಿಣಾಮ ಏನೆಂಬುದನ್ನು ಮೊದಲು ಅರಿಯೋಣ. ಜೀವನಾಂಶದ ಅರ್ಜಿ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಸಲ್ಲಿಕೆಯಾಗುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು ಕಾನೂನು ಹೇಳುತ್ತದೆ. ಆದರೆ ಆ 60 ದಿನಗಳ ಎಣಿಕೆ ಆರಂಭವಾಗುವುದು ನೋಟಿಸ್ ಎದುರುದಾರನಿಗೆ ಜಾರಿಯಾದ ದಿನದಿಂದ! ನೋಟಿಸ್ ಮುಟ್ಟದಿದ್ದರೆ ಎಣಿಕೆ ಶುರುವಾಗುವುದೇ ಇಲ್ಲ. ಅಂದರೆ ಬಾಗಿಲಲ್ಲಿ ಹೇಳುವ ಆ ಒಂದು ಸುಳ್ಳು ಮಗುವಿನ ಹಾಲಿನ ಹಣವನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತದೆ. ಗಂಡ ಕೊಲ್ಲಿ ರಾಷ್ಟ್ರದಲ್ಲಿದ್ದರಂತೂ ಸಮನ್ಸ್ ಸರಕಾರಗಳ ಕಚೇರಿಗಳನ್ನು ದಾಟಿ ಹೋಗಬೇಕು. ಕರಾವಳಿಯ ಎಷ್ಟೋ ಮನೆಗಳಿಗೆ ಆ ದಾರಿಯ ಉದ್ದ ಗೊತ್ತಿದೆ.

ಇಂಥವರು ಆಡುವ ಮಾತುಗಳೂ ನಮಗೆ ಪರಿಚಿತವೇ. "ಇದು ಶರೀಅತ್‌ನ ವಿಷಯ, ಆಕೆ ಕೋರ್ಟಿಗೆ ಹೋದದ್ದೇ ತಪ್ಪು" ಎನ್ನುತ್ತಾರೆ. ಆಕೆ ಮೊದಲು ಬಂದದ್ದು ಎಲ್ಲಿಗೆ ಎಂಬುದನ್ನು ಜಮಾಅತ್‌ನ ಪದಾಧಿಕಾರಿಗಳು ತಮ್ಮ ಕಡತ ತೆರೆದು ನೋಡಿಕೊಳ್ಳಲಿ. 1985ರ ಶಾ ಬಾನು ತೀರ್ಪಿನಿಂದ 2024ರ ಜುಲೈ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ನಮ್ಮಲ್ಲಿ ನಡೆದಿರುವ ಚರ್ಚೆ ತಲಾಖ್ ಪಡೆದ ಮಹಿಳೆಯ ಬಗ್ಗೆ. ನಿಕಾಹ್‌ನಲ್ಲಿರುವ ಪತ್ನಿಯ ನಫಕಾ ಗಂಡನ ಹೊಣೆ ಎಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಶಾಫಿಈ ಮದ್‌ಹಬ್‌ನಂತೆ, ಕೊಡದೆ ಉಳಿಸಿಕೊಂಡ ನಫಕಾ ಗಂಡನ ಮೇಲಿನ ಸಾಲವಾಗುತ್ತದೆ. ಶರೀಅತ್‌ನ ಹೆಸರೆತ್ತುವವನು ಆ ಸಾಲವನ್ನು ತೀರಿಸಿ ಬಳಿಕ ಮಾತಾಡಲಿ.

"ಆಕೆಯೇ ಕಾರಣವಿಲ್ಲದೆ ಮನೆ ಬಿಟ್ಟು ಹೋದಳು" ಎಂಬುದು ಇನ್ನೊಂದು ಮಾತು. ಸರಿ, ಬಂದು ಅದನ್ನೇ ಹೇಳಲಿ. ಸಕಾರಣವಿಲ್ಲದೆ ಗಂಡನೊಂದಿಗೆ ಬಾಳಲು ನಿರಾಕರಿಸುವ ಪತ್ನಿಗೆ ಜೀವನಾಂಶವಿಲ್ಲವೆಂದು ಅದೇ 144ನೇ ಕಲಮು ಹೇಳುತ್ತದೆ. ತನ್ನ ಆದಾಯ ಕಡಿಮೆಯೆಂದು ತೋರಿಸಲೂ ಅವಕಾಶವಿದೆ. ಸತ್ಯ ತನ್ನ ಬಳಿ ಇದೆಯೆಂದು ನಂಬಿದವನು ಅಡಗಿಕೊಳ್ಳುವುದೇಕೆ?

ಪವಿತ್ರ ಕುರ್‌ಆನ್ ಈ ಸ್ವಭಾವವನ್ನು ಅನ್ನೂರ್ ಅಧ್ಯಾಯದಲ್ಲಿ ಬಯಲಿಗೆಳೆದಿದೆ. ತೀರ್ಪಿಗಾಗಿ ಅಲ್ಲಾಹ್ ಮತ್ತು ಅವನ ಸಂದೇಶವಾಹಕರೆಡೆಗೆ ಕರೆದಾಗ ಒಂದು ಗುಂಪು ಮುಖ ತಿರುಗಿಸುತ್ತದೆ. ಹಕ್ಕು ತಮ್ಮ ಕಡೆಗಿದ್ದರೆ ಮಾತ್ರ ವಿಧೇಯರಾಗಿ ಓಡಿ ಬರುತ್ತಾರೆ. ಇಂದಿನ ನ್ಯಾಯಾಲಯ ಪ್ರವಾದಿ(ಸ)ಯವರ ಸನ್ನಿಧಿಯಲ್ಲ, ನಿಜ. ಆದರೆ ನ್ಯಾಯದ ಕರೆಗೆ ಬೆನ್ನು ತೋರಿಸುವ ಮನಸ್ಸು ಅದೇ ಅಲ್ಲವೇ? ಪತ್ನಿಯನ್ನು ಅತ್ತ ಸಂಸಾರವೂ ಇಲ್ಲದೆ ಇತ್ತ ಬಿಡುಗಡೆಯೂ ಇಲ್ಲದೆ ತೂಗುಬಿಡಬಾರದೆಂದು ಅನ್ನಿಸಾ ಅಧ್ಯಾಯ ಎಚ್ಚರಿಸುತ್ತದೆ.

ಅಬೂ ಸುಫ್ಯಾನ್‌ರ ಪತ್ನಿ ಹಿಂದ್(ರ), ತನಗೂ ಮಕ್ಕಳಿಗೂ ಸಾಕಾಗುವಷ್ಟನ್ನು ಪತಿ ಕೊಡುವುದಿಲ್ಲವೆಂದು ದೂರಿದಾಗ, ನ್ಯಾಯೋಚಿತವಾಗಿ ಸಾಕಾಗುವಷ್ಟನ್ನು ಅವರ ಸೊತ್ತಿನಿಂದ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿ ನೀಡಿದರು. ಗಮನಿಸಿ, ಇಮಾಮ್ ಬುಖಾರಿ ಈ ಹದೀಸನ್ನು ಗೈರುಹಾಜರಾದವನ ವಿರುದ್ಧ ತೀರ್ಪು ನೀಡುವ ಕುರಿತ ಶೀರ್ಷಿಕೆಯಡಿಯಲ್ಲೂ ಸೇರಿಸಿದ್ದಾರೆ. ಖಲೀಫಾ ಉಮರ್(ರ), ಪತ್ನಿಯರಿಂದ ದೂರ ಉಳಿದ ಪುರುಷರ ಬಗ್ಗೆ ಸೇನಾಧಿಪತಿಗಳಿಗೆ ಪತ್ರ ಬರೆದರು: ಅವರು ನಫಕಾ ಕಳುಹಿಸಲಿ, ಇಲ್ಲವೇ ತಲಾಖ್ ಕೊಟ್ಟು ಹಿಂದಿನ ಅವಧಿಯ ನಫಕಾವನ್ನೂ ಪಾವತಿಸಲಿ. ಆ ಆಡಳಿತಗಾರ "ಗಂಡ ದೂರದಲ್ಲಿದ್ದಾನೆ, ಏನು ಮಾಡುವುದು" ಎಂದು ಕೈಚೆಲ್ಲಿ ಕೂರಲಿಲ್ಲ.

ಈಗ ಬಾಗಿಲಲ್ಲಿ ನಿಂತವರ ಮಾತು. ಹಿಂದಿನ ಕಾನೂನಿನಲ್ಲಿ ವ್ಯಕ್ತಿ ಸಿಗದಿದ್ದರೆ ಅವನ ಜೊತೆ ವಾಸಿಸುವ ವಯಸ್ಕ ಗಂಡಸಿಗೆ ಮಾತ್ರ ಸಮನ್ಸ್ ಕೊಡಬಹುದಿತ್ತು. ಹೊಸ ಸಂಹಿತೆ 'ಗಂಡಸು' ಎಂಬ ಷರತ್ತನ್ನು ತೆಗೆದುಹಾಕಿದೆ. ಇನ್ನು ತಾಯಿಗೂ ಸಹೋದರಿಗೂ ಕೊಡಬಹುದು. ಹಾಗಾಗಿ ಓ ತಾಯಂದಿರೇ, ಪೇದೆ ಕೇಳುತ್ತಿರುವುದು ನಿಮ್ಮ ಮಗನನ್ನು ಮಾತ್ರವಲ್ಲ, ನಿಮ್ಮ ಸತ್ಯವನ್ನೂ ಕೇಳುತ್ತಿದ್ದಾನೆ. ಹೆತ್ತವರ ಹಾಗೂ ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿಗಳಾಗಿ ನಿಲ್ಲಬೇಕೆಂಬುದು ಅಲ್ಲಾಹನ ಆಜ್ಞೆ. ನಾಳೆ ನಿಮ್ಮ ಮಗಳೇ ಇನ್ನೊಂದು ಮನೆಯ ಬಾಗಿಲಿಗೆ ಸಮನ್ಸ್ ಕಳುಹಿಸಬೇಕಾಗಿ ಬಂದರೆ ಯಾವ ಉತ್ತರವನ್ನು ಬಯಸುವಿರಿ?

ನೊಂದ ಸಹೋದರಿಯರು ಎದೆಗುಂದಬೇಕಿಲ್ಲ. ಮನೆಯವರೂ ಸಮನ್ಸ್ ಪಡೆಯದಿದ್ದರೆ ಅದನ್ನು ಮನೆಗೆ ಅಂಟಿಸಬಹುದು. ಗಂಡನ ಕೆಲಸದ ಸ್ಥಳ, ಬೇರೆ ವಿಳಾಸ, ಫೋನ್ ಸಂಖ್ಯೆ, ಇಮೇಲ್‌ಗಳನ್ನು ವಕೀಲರ ಮೂಲಕ ನ್ಯಾಯಾಲಯಕ್ಕೆ ಸಲ್ಲಿಸಿರಿ. ವಿದ್ಯುನ್ಮಾನ ವಿಧಾನದಲ್ಲಿ ಸಮನ್ಸ್ ಕಳುಹಿಸಲೂ ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಅವನು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ಮನವರಿಕೆಯಾದರೆ ನ್ಯಾಯಾಧೀಶರು ಏಕಪಕ್ಷೀಯವಾಗಿ ವಿಚಾರಣೆ ನಡೆಸಬಹುದು. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ನೀಡಬೇಕೆಂದು 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಅಡಗಿದಷ್ಟು ದಿನವೂ ಅವನ ಬಾಕಿ ಬೆಳೆಯುತ್ತದೆ. ಆದೇಶವಾದ ಮೇಲೂ ಸಕಾರಣವಿಲ್ಲದೆ ಕೊಡದವನಿಗೆ ಸೆರೆವಾಸವೂ ಆಗಬಹುದು.

ಜಮಾಅತ್‌ಗಳಿಗೆ ಒಂದು ಮಾತು. ನಿಕಾಹ್‌ನ ದಫ್ತರು ನಿಮ್ಮಲ್ಲಿದೆ, ವರನ ಮನೆ, ಬಂಧುಬಳಗ, ದುಡಿಯುವ ಊರು ಎಲ್ಲವೂ ನಿಮಗೆ ಗೊತ್ತು. ವಂತಿಗೆಗಾಗಿ ದುಬೈಯಲ್ಲಿರುವವನನ್ನೂ ಹುಡುಕಿ ಹಿಡಿಯುವ ಸಮಿತಿಗೆ, ಹೆಂಡತಿಯ ಅನ್ನಕ್ಕಾಗಿ ಮಾತ್ರ ಅವನ ವಿಳಾಸ ತಿಳಿಯುವುದಿಲ್ಲವೇ? ಅವನನ್ನು ಕರೆಸಿ ಬುದ್ಧಿ ಹೇಳಿರಿ. ಕೇಳದಿದ್ದರೆ ವಿಳಾಸವನ್ನು ನ್ಯಾಯಾಲಯಕ್ಕೆ ಕೊಡಿರಿ. ಈ ವಿಷಯವನ್ನು ಖತೀಬರು ಜುಮಾ ಮಿಂಬರಿನಿಂದ ಹೇಳಲಿ.

ತನ್ನ ಪೋಷಣೆಯಲ್ಲಿರುವವರನ್ನು ಕೈಬಿಡುವುದೇ ಒಬ್ಬ ಮನುಷ್ಯನಿಗೆ ಸಾಕಷ್ಟು ಪಾಪವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಪೇದೆಯನ್ನು ಬಾಗಿಲಿನಿಂದ ಮರಳಿ ಕಳುಹಿಸಬಹುದು. ಆದರೆ ಇನ್ನೊಂದು ಕರೆ ಬರಲಿದೆ. ಅಂದು 'ವಿಳಾಸದಲ್ಲಿಲ್ಲ' ಎಂಬ ಷರಾ ಬರೆಯುವವರು ಯಾರೂ ಇರುವುದಿಲ್ಲ.