ಮಗ್ಗ ತನ್ನದು, ಸಂತೆ ಪರರದು

ಸ್ವಂತ ಮಗ್ಗವಿದ್ದ ಮಾತ್ರಕ್ಕೆ ನೇಕಾರ ಸ್ವತಂತ್ರನಾಗುವುದಿಲ್ಲವೆಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನೂಲಿನ ಧಾರಣೆ ಒಬ್ಬನ ಕೈಯಲ್ಲಿ, ಸೀರೆಯ ಧಾರಣೆ ಇನ್ನೊಬ್ಬನ ಕೈಯಲ್ಲಿ. ನಡುವೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನ ಪಾಲಿಗೆ ಉಳಿಯುವುದು ಬೆನ್ನುನೋವು. ಇದೇ ಕಥೆ ಇಂದು ಕಂಪ್ಯೂಟರಿನ ಮುಂದೆ ಕೂತು ವಿಡಿಯೋ ಗೇಮ್ ತಯಾರಿಸುವ ಸಣ್ಣ ತಯಾರಕರ ಬಾಳಿನಲ್ಲಿಯೂ ನಡೆಯುತ್ತಿದೆ. ಹುಡುಗರ ಆಟದ ವಿಷಯ ಶ್ರಮಜೀವಿಗಳ ಪತ್ರಿಕೆಗೇಕೆ ಎಂದು ಕೆಲವರು ಮೂಗು ಮುರಿಯಬಹುದು. ಆಡುವವನಿಗೆ ಅದು ಆಟ. ಕಟ್ಟುವವನಿಗೆ ಅದು ದುಡಿಮೆ. ದುಡಿಮೆಯ ಬೆಲೆಯನ್ನು ಯಾರು ಕಟ್ಟಬೇಕೆಂಬ ಪ್ರಶ್ನೆ ಎಲ್ಲಿ ಏಳುತ್ತದೆಯೋ ಅಲ್ಲಿ ನಮಗೂ ಕೆಲಸವಿದೆ.

ದೊಡ್ಡ ಕಂಪನಿಯ ಹಂಗಿಲ್ಲದೆ, ಒಬ್ಬರೋ ನಾಲ್ಕಾರು ಮಂದಿಯೋ ಸೇರಿ, ಚಿತ್ರ, ಸಂಗೀತ, ಕಥೆ, ಲೆಕ್ಕ ಎಲ್ಲವನ್ನೂ ತಾವೇ ಮಾಡಿಕೊಂಡು ವರ್ಷಗಟ್ಟಲೆ ದುಡಿದು ಒಂದು ಆಟವನ್ನು ಸಿದ್ಧಪಡಿಸುವವರನ್ನು ಸ್ವತಂತ್ರ ತಯಾರಕರೆನ್ನುತ್ತಾರೆ. ಅವರು ಮಾರಬೇಕಾದ ಪೇಟೆ ಯಾವುದು? ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂಗಡಿಯೆಂದರೆ ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ತೆರೆದ ಸ್ಟೀಮ್. 2017ರಿಂದ ಅಲ್ಲಿ ಆಟವೊಂದನ್ನು ಇಡಲು 100 ಡಾಲರ್ ಕಟ್ಟಬೇಕು; 1,000 ಡಾಲರ್ ವ್ಯಾಪಾರವಾದ ಮೇಲಷ್ಟೇ ಆ ಹಣ ಹಿಂದಕ್ಕೆ ಬರುತ್ತದೆ. ಇನ್ನು ಮಾರಾಟದ ಹುಟ್ಟುವಳಿಯಲ್ಲಿ ನೂರಕ್ಕೆ 30 ಅಂಗಡಿಯವನ ಪಾಲು. ಮಂಡಿಯ ದಲ್ಲಾಳಿಯೊಬ್ಬ ನೂರಕ್ಕೆ 30 ಕೇಳಿದರೆ ನಮ್ಮ ಪೇಟೆ ಅಂದೇ ಬಾಗಿಲು ಹಾಕೀತು!

ಅನ್ಯಾಯ ಇಷ್ಟಕ್ಕೇ ನಿಲ್ಲಲಿಲ್ಲ. 2018ರಲ್ಲಿ ಕಂಪನಿ ತನ್ನ ದರವನ್ನು ಇಳಿಸಿತು. ಯಾರಿಗೆ? ಒಂದು ಕೋಟಿ ಡಾಲರ್ ದಾಟಿದ ವ್ಯಾಪಾರದ ಮೇಲೆ ನೂರಕ್ಕೆ 25, ಐದು ಕೋಟಿ ದಾಟಿದ ಮೇಲೆ ನೂರಕ್ಕೆ 20. ಆ ಗೆರೆಯನ್ನು ಕನಸಿನಲ್ಲಿಯೂ ಮುಟ್ಟಲಾರದ ಸಣ್ಣವನಿಗೆ ಮಾತ್ರ 30ಕ್ಕೆ 30! ಉಳ್ಳವನಿಗೆ ಉಪಚಾರ, ಇಲ್ಲದವನಿಗೆ ಸುಂಕ. ಬಂಡವಾಳಶಾಹಿಯ ಧರ್ಮಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಬರೆಯಲು ಸಾಧ್ಯವಿಲ್ಲ.

ಅಂಗಡಿಯವನಿಗೂ ಖರ್ಚಿಲ್ಲವೆ ಎಂದು ವರ್ತಕ ಮಿತ್ರರು ಕೇಳಬಹುದು. ಖಂಡಿತ ಇದೆ. ಗಿರಾಕಿಯನ್ನು ಕರೆತರುವುದು, ಹಣ ವಸೂಲು ಮಾಡುವುದು, ಸರಕನ್ನು ಜಗತ್ತಿನಾದ್ಯಂತ ತಲುಪಿಸುವುದು, ಇವಕ್ಕೆಲ್ಲ ನ್ಯಾಯವಾದ ಕೂಲಿ ಸಲ್ಲಲಿ. ಆದರೆ 2018ರ ಡಿಸೆಂಬರಿನಲ್ಲಿ ಎಪಿಕ್ ಎಂಬ ಮತ್ತೊಂದು ಕಂಪನಿ ನೂರಕ್ಕೆ 12ರಂತೆ ಅಂಗಡಿ ತೆರೆಯಿತು. ಇಚ್ ಎಂಬ ಇನ್ನೊಂದು ಸಣ್ಣ ಅಂಗಡಿಯಲ್ಲಿ ಪಾಲು ಎಷ್ಟೆಂಬುದನ್ನು ತಯಾರಕನೇ ಗೊತ್ತುಮಾಡಬಹುದು. ಆದರೂ ಗಿರಾಕಿಗಳ ಗುಂಪು ಹಳೆಯ ಅಂಗಡಿಯನ್ನು ಬಿಟ್ಟು ಕದಲಿಲ್ಲ. ವರ್ಷಗಳಿಂದ ಕೊಂಡ ಆಟಗಳೂ ಕೂಡಿದ ಗೆಳೆಯರೂ ಅಲ್ಲಿಯೇ ಇರುವಾಗ ಯಾರು ಕದಲುತ್ತಾರೆ? ಜನ ಸೇರಿದ ಕಡೆಗೇ ಸಣ್ಣ ತಯಾರಕನೂ ಹೋಗಬೇಕು. ಆದ್ದರಿಂದ ಈ 30 ಎಂಬುದು ಬರಿಯ ಸೇವೆಯ ಕೂಲಿಯಲ್ಲ. ಸಂತೆಯ ಬಾಗಿಲಲ್ಲಿ ನಿಂತವನು ಎತ್ತುವ ಸುಂಕ.

ಇನ್ನು ಬೆಲೆಯ ಪಾಡು. ಬೆಲೆ ಕಟ್ಟುವ ಸ್ವಾತಂತ್ರ್ಯ ತಯಾರಕನದೇ ಎಂದು ಕಂಪನಿ ಹೇಳುತ್ತದೆ. ಕಾಗದದ ಮೇಲೆ ಅದು ನಿಜ. ಆದರೆ 2024ನೆಯ ಒಂದೇ ವರ್ಷದಲ್ಲಿ ಸ್ಟೀಮಿಗೆ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಈ ಜಾತ್ರೆಯಲ್ಲಿ ಹೆಸರಿಲ್ಲದವನ ಕೂಗು ಯಾರಿಗೆ ಕೇಳಬೇಕು? ಗಿರಾಕಿ ಆಟವನ್ನು ಬೇಕೆಂಬ ಪಟ್ಟಿಯಲ್ಲಿ ಬರೆದಿಟ್ಟು ರಿಯಾಯಿತಿಗಾಗಿ ಕಾಯುತ್ತಾನೆ; ನೂರಕ್ಕೆ 20ರಷ್ಟಾದರೂ ಬೆಲೆ ಇಳಿದಾಗ ಅಂಗಡಿ ಅವನಿಗೆ ಕಾಗದ ಕಳುಹಿಸುತ್ತದೆ. ಇಳಿಸದಿದ್ದರೆ ನೆನಪಿಸುವವರಿಲ್ಲ, ಇಳಿಸಿದರೆ ಗಂಜಿಗೆ ಉಳಿಯುವುದಿಲ್ಲ. 20 ಡಾಲರಿಗೆ ಮಾರಿದರೆ 14 ತಯಾರಕನ ಕೈಸೇರುತ್ತದೆ. ಅರ್ಧ ಬೆಲೆಗೆ ಇಳಿಸಿದರೆ 7 ಮಾತ್ರ. ತೆರಿಗೆ, ಮನೆಬಾಡಿಗೆ, ಜೊತೆಗಾರರ ಸಂಬಳ ಎಲ್ಲವೂ ಇದರಲ್ಲಿಯೇ ಆಗಬೇಕು.

ಪ್ರತಿ ತೆಗೆಯಲು ಕಾಸು ಖರ್ಚಿಲ್ಲದ ಸರಕಿಗೆ ಬೆಲೆ ಏಕೆ ಎಂಬ ವಾದವನ್ನು ನಾವು ಕೇಳಿದ್ದೇವೆ. ದುಡಿಮೆಯೆಲ್ಲ ಮೊದಲ ಪ್ರತಿಯಲ್ಲಿಯೇ ಅಡಗಿದೆ ಎಂಬುದು ನಮ್ಮ ಉತ್ತರ. ಇದನ್ನು ಮರೆತ ನಿಯಮಗಳೂ ಸಣ್ಣವನನ್ನೇ ಹೊಡೆಯುತ್ತವೆ. 2015ರಲ್ಲಿ ಬಂದ ನಿಯಮದಂತೆ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದ್ದರೆ, ಆಟವನ್ನು ಹಿಂತಿರುಗಿಸಿ ಹಣ ಪಡೆಯಬಹುದು. ಗಿರಾಕಿಯ ರಕ್ಷಣೆಗೆ ಇದು ಒಳ್ಳೆಯದೇ. ಆದರೆ ಒಂದೂವರೆ ಗಂಟೆಯಲ್ಲಿ ಮುಗಿಯುವ ಪುಟ್ಟ ಆಟವನ್ನು ಕೊನೆಯವರೆಗೂ ಆಡಿ ಹಣ ಹಿಂದಕ್ಕೆ ಕೇಳಿದರೆ? ಇಂಥ ವಾಪಸಾತಿಗಳಿಂದ ಬೇಸತ್ತು 2021ರಲ್ಲಿ ಒಬ್ಬ ತಯಾರಕ ಕಸುಬಿನಿಂದಲೇ ದೂರ ಸರಿಯುವುದಾಗಿ ಸಾರಿದ.

ಇದಕ್ಕೆ ಎದುರಾಗಿ ಗೆದ್ದವರ ಹೆಸರು ಹೇಳುತ್ತಾರೆ. ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಒಬ್ಬನೇ ದುಡಿದು, ಹೊಟ್ಟೆಪಾಡಿಗೆ ನಾಟಕ ಮಂದಿರದಲ್ಲಿ ಜನರನ್ನು ಕೂರಿಸುವ ಕೆಲಸ ಮಾಡುತ್ತ, 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟವನ್ನು ಹೊರತಂದ. 2024ರ ಕೊನೆಯ ಹೊತ್ತಿಗೆ ಅದರ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಅವನ ದುಡಿಮೆಗೆ ನಮ್ಮ ನಮಸ್ಕಾರ. ಆದರೆ ಬಹುಮಾನ ಬಂದವನ ಚಿತ್ರವನ್ನು ಗೋಡೆಗೆ ಅಂಟಿಸಿ ಲಾಟರಿ ಚೀಟಿ ಮಾರುವುದು ಹಳೆಯ ಉಪಾಯ. ನಾವು ಕೇಳುತ್ತಿರುವುದು ಬಹುಮಾನವನ್ನಲ್ಲ, ಕೂಲಿಯನ್ನು.

ಹಾಗಾದರೆ ದಾರಿ ಯಾವುದು? ಕಮಿಷನ್ನಿನ ಏಣಿಯನ್ನು ತಿರುಗಿಸಿ ಇಡಬೇಕು: ಕಡಮೆ ವ್ಯಾಪಾರದವನಿಗೆ ಕಡಮೆ ದರ. ಇದು ಆಗದ ಮಾತೇನಲ್ಲ. ವರ್ಷಕ್ಕೆ ಹತ್ತು ಲಕ್ಷ ಡಾಲರಿಗೆ ಮೀರದ ತಯಾರಕರಿಗೆ ಆಪಲ್ ಕಂಪನಿಯೇ 2021ರಲ್ಲಿ 30ನ್ನು 15ಕ್ಕೆ ಇಳಿಸಿತು. ಕರುಣೆಯಿಂದಲ್ಲ, ನಾಲ್ಕು ಕಡೆಯಿಂದ ಕೂಗೆದ್ದುದರಿಂದ. ವಾಲ್ವ್ ಕಂಪನಿಯ ಮೇಲೆ ಸಣ್ಣ ತಯಾರಕರು 2021ರಲ್ಲಿ ಹೂಡಿದ ದಾವೆ ಎಲ್ಲ ತಯಾರಕರ ಪರವಾದ ಸಾಮೂಹಿಕ ದಾವೆಯಾಗಿ ನಡೆಯಲು 2024ರಲ್ಲಿ ಅಮೆರಿಕದ ನ್ಯಾಯಾಲಯ ಒಪ್ಪಿತು. 2025ರ ಮಾರ್ಚಿಯಲ್ಲಿ ಅಲ್ಲಿನ ಆಟ ತಯಾರಕ ನೌಕರರು ತಮ್ಮದೇ ಸಂಘವನ್ನು ಕಟ್ಟಿದರು. ಕೂಗಿದವರಿಗೆ ಕಿವಿ ಸಿಕ್ಕಿದೆ. ಕೂಡಿದವರಿಗೆ ಬಲ ಬಂದಿದೆ.

ಅಗ್ಗಕ್ಕೆ ಕೊಳ್ಳುವ ಬಡ ಗಿರಾಕಿಯನ್ನು ನಾವು ದೂರುವುದಿಲ್ಲ. ಅವನ ಜೇಬೂ ಯಾರೋ ಖಾಲಿ ಮಾಡಿದ್ದೇ. ಮಾಡುವವನೂ ಕೊಳ್ಳುವವನೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರೆ ನಡುವಿನವನ ಗಲ್ಲಾಪೆಟ್ಟಿಗೆಗೆ ಕ್ಷೇಮ. ನಮ್ಮ ಪೇಟೆಯ ಸಣ್ಣ ವರ್ತಕರೂ ಈಗ ಅಂತರ್ಜಾಲದ ದೊಡ್ಡ ಅಂಗಡಿಗಳ ಮೂಲಕ ಮಾರತೊಡಗಿದ್ದಾರೆ. ನಾಳೆ ಆ ಸುಂಕದ ಕಟ್ಟೆ ನಿಮ್ಮ ಬಾಗಿಲಿಗೂ ಬರುತ್ತದೆ. ಆಟ ಕಟ್ಟುವವನ ಹೋರಾಟವನ್ನು ಇಂದೇ ನಿಮ್ಮದೆಂದು ತಿಳಿಯಿರಿ. ಮಗ್ಗ ನಮ್ಮದಾದರೆ ಸಾಲದು, ಸಂತೆಯ ಕಟ್ಟಳೆಯಲ್ಲಿಯೂ ನಮ್ಮ ಮಾತು ನಡೆಯಬೇಕು.