ತಿಂಗಳಿಗೆ ಎಷ್ಟು ಬರುತ್ತಣ್ಣಾ?

ಫೆಬ್ರುವರಿ ಬಂತೆಂದರೆ ದೆಹಲಿಯ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಎಲ್ಲಿಲ್ಲದ ಬೇಡಿಕೆ. 28ರಂದು ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಗಳಿಗೆ ಭಾಷಣಕಾರರು ಬೇಕು, ಪ್ರೊಫೆಸರುಗಳಿಗೆ ಪುರುಸೊತ್ತಿಲ್ಲ. ಹಾಗಾಗಿ ನಮ್ಮಂಥವರ ಸರದಿ. ನಾನೂ ನಾಲ್ಕು ವರ್ಷ ಹೋಗಿದ್ದೇನೆ. ಪೆನ್‌ಡ್ರೈವಿನಲ್ಲಿ ಪ್ರತಿ ವರ್ಷ ಅವೇ ಸ್ಲೈಡುಗಳು: ಪೇಟ ತೊಟ್ಟ ರಾಮನ್, ಚಂದ್ರಯಾನ, ಕೊನೆಗೆ ಕಲಾಂ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಒಂದು ಹೂಗುಚ್ಛ, ಒಂದು ಸಮೋಸಾ, ಒಂದು ಗ್ರೂಪ್ ಫೋಟೋ.

ಕಳೆದ ವರ್ಷ ಭಾಷಣ ಮುಗಿದ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದಳು. ನನ್ನ ಹಿಂದಿ ಕೇಳಿಯೇ ಊರು ಪತ್ತೆ ಮಾಡಿದ್ದಳು. ಅಪ್ಪ ಹಾಸನದ ಕಡೆಯವರು, ಅರೆಸೇನಾ ಪಡೆಯಲ್ಲಿ ಹವಾಲ್ದಾರ್, ಇನ್ನೈದು ವರ್ಷಕ್ಕೆ ರಿಟೈರ್ ಅಂತೆ. ಮೆಲ್ಲಗೆ ಕನ್ನಡದಲ್ಲಿ ಕೇಳಿದಳು: "ನಿಮಗೆ ತಿಂಗಳಿಗೆ ಎಷ್ಟು ಬರುತ್ತಣ್ಣಾ?"

"ವಿಜ್ಞಾನ ಮಾಡೋದು ದುಡ್ಡಿಗಲ್ಲಮ್ಮಾ, ಕುತೂಹಲಕ್ಕೆ" ಅಂದೆ. ಪಕ್ಕದಲ್ಲಿದ್ದ ಟೀಚರಿಗೆ ಅದರ ಅರ್ಥವನ್ನು ಹಿಂದಿಯಲ್ಲೂ ಹೇಳಿ ಮೆಚ್ಚುಗೆ ಗಿಟ್ಟಿಸಿಕೊಂಡೆ. ಆ ಹುಡುಗಿ ತಲೆಯಾಡಿಸಿ ಹೋದಳು. ಆ ತಿಂಗಳಿಗೆ ನನ್ನ ಫೆಲೋಶಿಪ್ ಬಂದು ನಾಲ್ಕು ತಿಂಗಳಾಗಿತ್ತು. ಕಟ್ವಾರಿಯಾ ಸರಾಯ್‌ನ ಕೋಣೆಯ ಬಾಡಿಗೆಯನ್ನು ರೂಂಮೇಟೇ ಕಟ್ಟಿದ್ದ.

ನನ್ನ ತಕರಾರು ಇಷ್ಟೇ: ಈ ಪ್ರಶ್ನೆಗೆ ಉತ್ತರ ಕೊಡದೆ ಮಕ್ಕಳನ್ನು ವಿಜ್ಞಾನಕ್ಕೆ ಕರೆಯುವುದು ಮೋಸ. ಕಾಲು ಸರಾಯ್‌ನ ಕೋಚಿಂಗ್ ಹೋರ್ಡಿಂಗುಗಳನ್ನು ನೋಡಿ ನಗುವ ನಾವು, ಶಾಲೆಯ ಸಭಾಂಗಣದಲ್ಲಿ ನಿಂತಾಗ ಅದೇ ಹೋರ್ಡಿಂಗ್ ಆಗಿರುತ್ತೇವೆ. ಅಲ್ಲಿ ರ‍್ಯಾಂಕ್ ಬಂದವರ ಮುಖಗಳು, ಇಲ್ಲಿ ನೊಬೆಲ್ ಬಂದವರದು.

ರಾಮನ್ ಅವರನ್ನೇ ತೆಗೆದುಕೊಳ್ಳಿ. 1928ರ ಆವಿಷ್ಕಾರದ ಕಥೆ ಹೇಳುತ್ತೇವೆ. ಆದರೆ ಅವರು 1907ರಿಂದ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು, ಕಲ್ಕತ್ತೆಯಲ್ಲಿ ಪ್ರಯೋಗಗಳನ್ನು ಆಫೀಸಿನ ಮುಂಚೆ, ಆಫೀಸಿನ ನಂತರ ಮಾಡುತ್ತಿದ್ದರು, 1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡು ಪ್ರೊಫೆಸರಾದರು. ಇದನ್ನು ಯಾರೂ ಸ್ಲೈಡಿಗೆ ಹಾಕುವುದಿಲ್ಲ. ಹವಾಲ್ದಾರರ ಮಗಳಿಗೆ ಬೇಕಾಗಿದ್ದದ್ದು ರಾಮನ್ ಜೀವನದ ಆ ಭಾಗ.

ಅವಳಿಗೆ ಹೇಳಬೇಕಾಗಿದ್ದ ಲೆಕ್ಕ ಹೀಗಿದೆ. ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000, ಮೇಲೆ ಮನೆಬಾಡಿಗೆ ಭತ್ಯೆ. ಕೆಟ್ಟ ಹಣವಲ್ಲ. ಆದರೆ ಅದು ತಾನಾಗಿ ಬಂದದ್ದಲ್ಲ. 2019ರ ಜನವರಿಯಲ್ಲಿ ಸಂಶೋಧಕರು ಇದೇ ದೆಹಲಿಯಲ್ಲಿ ಬೀದಿಗಿಳಿದ ಮೇಲೆ 25,000 ಇದ್ದದ್ದು 31,000 ಆಯಿತು. ನೆಟ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುವವರಿಗೆ ಸಿಗುತ್ತಿದ್ದದ್ದು 8,000. ಅದನ್ನೂ ನಿಲ್ಲಿಸಲು ಯುಜಿಸಿ 2015ರಲ್ಲಿ ಹೊರಟಾಗ ವಿದ್ಯಾರ್ಥಿಗಳು ಐಟಿಒ ಬಳಿಯ ಅದರ ಕಚೇರಿಯೆದುರು ವಾರಗಟ್ಟಲೆ ಕೂತರು.

ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ರೇಗಿದರು. "ಎಳೇ ಮಕ್ಕಳ ತಲೇಲಿ ಇದನ್ನೆಲ್ಲ ಯಾಕಪ್ಪಾ ತುಂಬ್ತೀಯ? ಹೆದರಿ ಎಲ್ಲರೂ ಸಾಫ್ಟ್‌ವೇರಿಗೆ ಹೋಗ್ತಾರೆ." ಒಳ್ಳೆಯ ಮನಸ್ಸಿನ ಮಾತು, ಆದರೆ ಒಪ್ಪಲಾರೆ. ವಸಂತ್ ಕುಂಜ್‌ನಲ್ಲಿ ಸ್ವಂತ ಮನೆಯಿರುವ ಹುಡುಗ ಮೂವತ್ತರವರೆಗೆ ಕಾಯಬಲ್ಲ. ಅವನಿಗೆ ಸತ್ಯ ಹೇಳದಿದ್ದರೂ ನಷ್ಟವಿಲ್ಲ. ಅಪ್ಪನ ಪಿಂಚಣಿಯಲ್ಲಿ ತಮ್ಮನ ಓದೂ ನಡೆಯಬೇಕಾದ ಹುಡುಗಿ ಇಪ್ಪತ್ತೈದನೇ ವಯಸ್ಸಿಗೆ ಈ ಲೆಕ್ಕ ಕಂಡುಕೊಂಡರೆ, ಆಗ ಅವಳಿಗೆ ಹಿಂದೆ ಹೋಗಲೂ ದಾರಿಯಿಲ್ಲ.

ಇನ್ನೊಂದು ವಿಷಯ. ದುಡ್ಡಿನ ಮಾತೇ ಕೊಳಕು ಎಂದು ಬಾಯಿಮುಚ್ಚಿದರೆ ಒಳ್ಳೆಯ ಸುದ್ದಿಯೂ ಒಳಗೇ ಉಳಿಯುತ್ತದೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ ವಿದ್ಯಾರ್ಥಿವೇತನವಿದೆ. ಆ ಹುಡುಗಿಯ ಮನೆಯಲ್ಲಿ ಬಿಎಸ್ಸಿಯೋ ಬ್ಯಾಂಕ್ ಪರೀಕ್ಷೆಯೋ ಎಂಬ ಜಗಳ ತೀರ್ಮಾನವಾಗಲು ಇದೊಂದು ಸಾಲು ಸಾಕಿತ್ತೇನೋ. ನಾನು ಕುತೂಹಲದ ಬಗ್ಗೆ ಉಪದೇಶ ಮಾಡುತ್ತಾ ನಿಂತಿದ್ದೆ.

ಶಾಲೆಗೆ ಹೋಗುವುದೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಸಿ.ಎನ್.ಆರ್. ರಾವ್ ಬೆಂಗಳೂರಿನಲ್ಲಿ ಓದುವ ಹುಡುಗನಾಗಿದ್ದಾಗ ರಾಮನ್ ಅವರ ಶಾಲೆಗೆ ಬಂದಿದ್ದರು, ಅದನ್ನು ರಾವ್ ಮುಪ್ಪಿನಲ್ಲೂ ನೆನೆಯುತ್ತಾರೆ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಾರವಾರವೂ ಉಪನ್ಯಾಸ ನಡೆಸಿದರು. ವಾರವಾರವೂ, ನೆನಪಿಡಿ, ವರ್ಷಕ್ಕೊಮ್ಮೆ ಅಲ್ಲ. 2017ರಲ್ಲಿ ಸಿಎಸ್‌ಐಆರ್ ಮತ್ತು ಕೇಂದ್ರೀಯ ವಿದ್ಯಾಲಯ ಸಂಘಟನೆ ಸೇರಿ ಆರಂಭಿಸಿದ ಜಿಜ್ಞಾಸಾ ಕಾರ್ಯಕ್ರಮದ ಗುರಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳು. ಮಕ್ಕಳನ್ನು ಲ್ಯಾಬಿನೊಳಗೆ ಬಿಡುವ ಆಲೋಚನೆ ಚೆನ್ನಾಗಿದೆ. ಆದರೆ ಲಕ್ಷದ ಲೆಕ್ಕಕ್ಕಿಂತ, ಎರಡನೇ ಸಲ ಬಂದವರು ಎಷ್ಟು ಎಂಬ ಲೆಕ್ಕ ನನಗೆ ಮುಖ್ಯ.

ಈ ಫೆಬ್ರುವರಿಯಲ್ಲೂ ಅದೇ ಶಾಲೆಯಿಂದ ಕರೆ ಬಂದಿದೆ. ಅವಳೀಗ ಹನ್ನೊಂದನೇ ಕ್ಲಾಸು, ಯಾವ ವಿಷಯ ತೆಗೆದುಕೊಂಡಳೋ ಗೊತ್ತಿಲ್ಲ. ಮೊದಲ ಸ್ಲೈಡಿನಿಂದ ರಾಮನ್ ಪೇಟ ತೆಗೆದಿದ್ದೇನೆ. ಅಲ್ಲಿ ನನ್ನ ಬ್ಯಾಂಕ್ ಪಾಸ್‌ಬುಕ್ಕಿನ ಒಂದು ಪುಟ ಇದೆ, ಖಾಲಿ ಇರುವ ನಾಲ್ಕು ತಿಂಗಳ ಸಮೇತ.